ಕಾಟಿ ಜಾಸ್ತಿಯಾಗಿದೆ ಎನ್ನುವ ಮೊದಲು ಒಮ್ಮೆ ಎಣಿಸಿ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಅರಣ್ಯ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಯ ಅಧಿಕಾರಿಗಳಿಗೆ, ಜೊತೆಗೆ ಘಟ್ಟದ ಬುಡದಲ್ಲಿ ತೋಟ-ಗದ್ದೆ ಮಾಡುವ ನನ್ನಂಥವರಿಗೆ,

ಮಾನ್ಯರೇ,

ಹೆಬ್ರಿ, ಕಾರ್ಕಳ, ಬೆಳ್ತಂಗಡಿ, ಸುಳ್ಯ ಕಡೆ ಈಗ ಯಾವ ಗ್ರಾಮಸಭೆಗೆ ಹೋದರೂ ಕಾಟಿಯ, ಅಂದರೆ ಕಾಡುಕೋಣದ, ಮಾತು ಬಂದೇ ಬರುತ್ತದೆ. "ಕಾಟಿ ಜಾಸ್ತಿಯಾಗಿದೆ, ಏನಾದರೂ ಮಾಡಿ" ಎಂದು ಒಬ್ಬರು ಏಳುತ್ತಾರೆ. "ಹಿಡಿದು ಬೇರೆ ಕಾಡಿಗೆ ಬಿಡಿ" ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಹಿಂದಿನ ಬೆಂಚಿನಿಂದ ಕೋವಿಯ ಮಾತೂ ಬರುತ್ತದೆ, ಮೆಲ್ಲಗೆ. ವೇದಿಕೆಯಲ್ಲಿ ಕುಳಿತವರು "ಮೇಲಧಿಕಾರಿಗಳ ಗಮನಕ್ಕೆ ತರುತ್ತೇವೆ" ಎಂದು ಬರೆದುಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ಮತ್ತೆ ಅದೇ ಮಾತು, ಅದೇ ಉತ್ತರ.

ಸಿಟ್ಟು ಸುಳ್ಳಲ್ಲ. ನಾನೂ ಅಡಕೆ ಬೆಳೆಯುವವನೇ. ಎರಡು ಮೂರು ವರ್ಷ ನೀರು ಹೊತ್ತು ಸಾಕಿದ ಸಸಿಯ ತುದಿಯನ್ನು ಕಾಟಿ ಒಂದು ರಾತ್ರಿಯಲ್ಲಿ ಎಳೆದು ತಿಂದರೆ ಹೊಟ್ಟೆ ಉರಿಯದೆ ಇರುತ್ತದಾ? ಬಾಳೆ ಮುರಿಯುತ್ತದೆ, ತೋಟಕ್ಕೆ ನೀರು ಚಿಮ್ಮಿಸುವ ಜೆಟ್ ಪೈಪು ತುಳಿಯುತ್ತದೆ, ಕದಿರು ಬಂದ ಗದ್ದೆಯನ್ನು ಅರ್ಧ ತಿಂದು ಅರ್ಧ ಮಲಗಿಸಿ ಹೋಗುತ್ತದೆ. ಮುಂಜಾನೆ ರಬ್ಬರು ಟ್ಯಾಪಿಂಗಿಗೆ ಹೋಗುವವರಿಗೆ, ಹಾಲಿನ ಡೈರಿಗೆ ಬೈಕಿನಲ್ಲಿ ಹೋಗುವವರಿಗೆ ಇದು ಜೀವದ ಪ್ರಶ್ನೆಯೂ ಹೌದು. ಪಟ್ಟಣದಲ್ಲಿ ಕುಳಿತು "ಪಾಪ, ಮೂಕ ಪ್ರಾಣಿ" ಎನ್ನುವವರ ಪೈಕಿ ನಾನಲ್ಲ.

ಆದರೆ "ಜಾಸ್ತಿಯಾಗಿದೆ" ಎಂಬ ಆ ಮೊದಲನೇ ಮಾತಿಗೆ ಆಧಾರ ಎಂತದ್ದು? ಈ ಪತ್ರ ಬರೆಯುತ್ತಿರುವುದು ಅದನ್ನು ಕೇಳುವುದಕ್ಕೆ. ಹುಲಿಯನ್ನು ದೇಶದಾದ್ಯಂತ ನಾಲ್ಕು ವರ್ಷಕ್ಕೊಮ್ಮೆ ಎಣಿಸುತ್ತಾರೆ. ಆನೆಗೂ ಗಣತಿ ಉಂಟು. ಕಾಟಿಗೆ ಅಂಥ ಗಣತಿ ಇಲ್ಲ. ನಮ್ಮ ಲೆಕ್ಕವೆಲ್ಲ ಮೊಬೈಲಿನಲ್ಲಿ ಬಂದ ವಿಡಿಯೋದ ಲೆಕ್ಕ. ಒಂದೇ ಹಿಂಡು ಸಂಜೆ ಒಂದು ಊರಿನ ಗದ್ದೆಯಲ್ಲಿ ಕಾಣಿಸುತ್ತದೆ, ರಾತ್ರಿ ಪಕ್ಕದ ಊರಿನ ತೋಟದಲ್ಲಿ, ಬೆಳಿಗ್ಗೆ ಡಾಂಬರು ರಸ್ತೆ ದಾಟುವಾಗ ಬಸ್ಸಿನವರ ಕಣ್ಣಿಗೆ. ಮೂರು ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಮೂರು ಹಿಂಡು ಆಯಿತು. ನಾಲ್ಕನೇ ದಿನ ಅದೇ ವಿಡಿಯೋ ಸುತ್ತು ಹಾಕಿ ನಮ್ಮದೇ ಗುಂಪಿಗೆ ವಾಪಸ್ ಬರುತ್ತದೆ, "ನಿಮ್ಮ ಕಡೆಯೂ ಬಂತಾ?" ಎಂಬ ಪ್ರಶ್ನೆಯ ಸಮೇತ.

ಹೊರಗಿನ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಜಗತ್ತಿನ ಜೀವಿಗಳ ಸ್ಥಿತಿಗತಿ ದಾಖಲಿಸುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಕಾಟಿ 1986ರಿಂದಲೂ 'ವಲ್ನರಬಲ್' ವರ್ಗದಲ್ಲಿದೆ. ಅಂದರೆ ಈಗಲೇ ಕಾಳಜಿ ವಹಿಸದಿದ್ದರೆ ಅಳಿವಿನ ಅಂಚಿಗೆ ಜಾರಬಹುದಾದ ಪ್ರಾಣಿ. ಇಡೀ ಜಗತ್ತಿನಲ್ಲಿ ಉಳಿದಿರುವುದು 15,000ದಿಂದ 35,000 ಎಂಬುದು ತಜ್ಞರ ಅಂದಾಜು. ದೊಡ್ಡದೊಂದು ಕಂಬಳಕ್ಕೆ ಸೇರುವಷ್ಟು ಮಂದಿ ಎಂದುಕೊಳ್ಳಿ. ಇದರಲ್ಲಿ ದೊಡ್ಡ ಪಾಲು ಭಾರತದ್ದು, ಅದರಲ್ಲೂ ಪಶ್ಚಿಮ ಘಟ್ಟದ್ದು. ಶ್ರೀಲಂಕಾದಲ್ಲಿ ಕಾಟಿ ಪೂರ್ತಿ ನಿರ್ನಾಮವಾಗಿದೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ ಬೇಟೆಗೆ ಸಿಕ್ಕಿ ಅಲ್ಲೊಂದು ಇಲ್ಲೊಂದು ತುಂಡು ಕಾಡಿನಲ್ಲಿ ಮಾತ್ರ ಉಳಿದಿದೆ. ಹಾಗಾಗಿ ನಮ್ಮ ತೋಟದ ಬೇಲಿ ಮುರಿಯುವ ಈ ಪ್ರಾಣಿಗೆ ಜಗತ್ತಿನಲ್ಲಿ ಗಟ್ಟಿ ನೆಲೆ ಎಂದರೆ ನಮ್ಮ ಈ ಘಟ್ಟಸಾಲೇ. ಇದು ಹೆಮ್ಮೆಯೋ ತಲೆನೋವೋ, ಅವರವರಿಗೆ ಬಿಟ್ಟದ್ದು.

ಕಾಡುದನಗಳ ಕುಟುಂಬದ ಉಳಿದವರ ಪಾಡು ನೋಡಿದರೆ ಹೆದರಿಕೆಯಾಗುತ್ತದೆ. ನಾವು ಸಾಕುವ ಹಸುಗಳ ಮೂಲವಾದ ಆರಾಕ್ಸ್ ಎಂಬ ಕಾಡುದನದ ಕೊನೆಯದ್ದು ಪೋಲೆಂಡಿನ ಕಾಡಿನಲ್ಲಿ 1627ರಲ್ಲಿ ಸತ್ತಿತು. ಅಲ್ಲಿನ ರಾಜರು ಅದನ್ನು ಕಾಯಲು ಜನ ಇಟ್ಟಿದ್ದರು. ಆದರೂ ಉಳಿಯಲಿಲ್ಲ. ಕಾಂಬೋಡಿಯಾದ ಕೂಪ್ರೆ ವಿಜ್ಞಾನಿಗಳಿಗೆ ಗೊತ್ತಾದದ್ದೇ 1937ರಲ್ಲಿ. ಆ ದೇಶ ಅದನ್ನು ರಾಷ್ಟ್ರೀಯ ಪ್ರಾಣಿ ಎಂದು ಸಾರಿತು. 1980ರ ದಶಕದ ಈಚೆಗೆ ಅದನ್ನು ಖಚಿತವಾಗಿ ಕಂಡವರಿಲ್ಲ. ಆಗ್ನೇಯ ಏಷ್ಯಾದ ಬಾಂಟೆಂಗ್ ಈಗ ಅತ್ಯಂತ ಅಪಾಯದ ವರ್ಗಕ್ಕೆ ಇಳಿದಿದೆ. ಆರಾಕ್ಸ್, ಬಾಂಟೆಂಗ್ ಎರಡೂ ಒಂದು ಕಾಲದಲ್ಲಿ "ಜಾಸ್ತಿ ಇರುವ" ಪ್ರಾಣಿಗಳೇ.

ದೂರದ ಮಾತು ಬಿಡಿ. ಮಧ್ಯಪ್ರದೇಶದ ಬಾಂಧವಗಢ ಹುಲಿಗೆ ಹೆಸರಾದ ಕಾಡು. ಕಾವಲಿತ್ತು, ಹಣವಿತ್ತು, ಪ್ರವಾಸಿಗರಿದ್ದರು. ಅಲ್ಲಿದ್ದ ಸಣ್ಣ ಕಾಟಿ ಹಿಂಡು 1990ರ ದಶಕ ಮುಗಿಯುವಷ್ಟರಲ್ಲಿ ಇಲ್ಲವಾಯಿತು. ಮತ್ತೆ ತರಬೇಕಾದರೆ ಎಷ್ಟು ಕಷ್ಟವಾಯಿತು ನೋಡಿ. 2011 ಮತ್ತು 2012ರಲ್ಲಿ ಎರಡು ಕಂತಿನಲ್ಲಿ, ಅದೇ ರಾಜ್ಯದ ಕಾನ್ಹಾ ಕಾಡಿನಿಂದ 50 ಕಾಟಿಗಳನ್ನು ಮದ್ದು ಕೊಟ್ಟು ಹಿಡಿದು ಸಾಗಿಸಿದರು. ಅದಕ್ಕೆ ದಕ್ಷಿಣ ಆಫ್ರಿಕಾದಿಂದ ಪರಿಣತರು ಬಂದಿದ್ದರು. ವಿಶೇಷ ಲಾರಿಗಳು, ಪಶುವೈದ್ಯರ ದಂಡು, ತಿಂಗಳುಗಟ್ಟಲೆ ತಯಾರಿ. "ಹಿಡಿದು ಬೇರೆ ಕಾಡಿಗೆ ಬಿಡಿ" ಎಂದು ಸಭೆಯಲ್ಲಿ ಹೇಳುವುದು ಸುಲಭ. ಒಂದು ಟನ್ ತೂಗಬಲ್ಲ ಕಾಡುಪ್ರಾಣಿಯನ್ನು ನಮ್ಮ ತಿರುವಿನ ರಸ್ತೆಗಳಲ್ಲಿ ಸಾಗಿಸುವುದು ಅಷ್ಟು ಸುಲಭವಲ್ಲ. ಬಿಟ್ಟ ಕಡೆಯೂ ಬೇರೆಯವರ ತೋಟ ಇದ್ದೇ ಇರುತ್ತದಲ್ವಾ?

ಮಂಗಳೂರಿನವರಿಗೆ ನೆನಪಿರಬಹುದು. 2020ರ ಮೇ ತಿಂಗಳು, ಲಾಕ್‌ಡೌನ್ ಕಾಲ. ರಸ್ತೆ ಖಾಲಿ. ಒಂದು ಕಾಟಿ ನಗರದ ನಡುವೆಯೇ ಬಂದುಬಿಟ್ಟಿತು. ಮಣ್ಣಗುಡ್ಡೆ ಕಡೆಯ ಗಲ್ಲಿಗಳಲ್ಲಿ ಅದು ಓಡಿದ್ದನ್ನು ಜನ ಮಹಡಿಯ ಮೇಲಿನಿಂದ ಚಿತ್ರೀಕರಿಸಿದರು. ಅರಿವಳಿಕೆ ಮದ್ದು ಹೊಡೆದು ಹಿಡಿದು ಘಟ್ಟದ ಕಾಡಿಗೆ ಒಯ್ದರು. ಅದು ಬದುಕಲಿಲ್ಲ. ಯಾರ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೊರಸಿನ ಪ್ರಾಣಿಗಳು ಹೆದರಿ ಓಡಿ, ಹಿಡಿಸಿಕೊಂಡು, ಬಿಸಿಲಲ್ಲಿ ಬಸವಳಿದರೆ ಸ್ನಾಯು ಮತ್ತು ಹೃದಯ ಕೆಟ್ಟು ಸಾಯುವುದುಂಟು ಎಂದು ಪಶುವೈದ್ಯರು ಹೇಳುತ್ತಾರೆ. ಹಿಡಿಯುವುದು ಕೊನೆಯ ದಾರಿ ಆಗಬೇಕೇ ಹೊರತು ಗ್ರಾಮಸಭೆಯ ಮೊದಲ ಸಲಹೆ ಆಗಬಾರದು.

ಇನ್ನು ಕೋವಿಯ ಮಾತು. ನಮ್ಮ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರುವ ಕೋವಿ ಅದು, ಅದರ ಗೋಳು ಬೇರೆ. ಅದನ್ನು ಕಾಟಿಯ ಕಡೆ ತಿರುಗಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ (ಶೆಡ್ಯೂಲ್ 1), ಹುಲಿ-ಆನೆಗಳ ಸಾಲಿನಲ್ಲೇ ಕಾಟಿ ಇದೆ. ಮನುಷ್ಯರ ಜೀವಕ್ಕೆ ಅಪಾಯ ತಂದಿದ್ದರೆ, ಇಲ್ಲವೇ ವಾಸಿಯಾಗದ ರೋಗ ಅಥವಾ ಗಾಯ ಇದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಬೆಳೆ ತಿಂದಿತು ಎಂಬ ಒಂದೇ ಕಾರಣಕ್ಕೆ ಕೊಡಲು ಕಾನೂನಿನಲ್ಲಿ ಜಾಗ ಇಲ್ಲ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಬೇಲಿಗೆ ಲೈನಿನಿಂದ ನೇರ ಕರೆಂಟು ಕೊಡುವವರಿಗೂ ಇದೇ ಅನ್ವಯ. ಅದರಲ್ಲಿ ಕಾಟಿಗಿಂತ ಮೊದಲು ಸಾಯುವುದು ಮನೆಯ ನಾಯಿ, ಇಲ್ಲವೇ ಮನೆಯವರೇ.

ಹಾಗಾದರೆ ಕಾಟಿ ಕೆಳಗೆ ಬರುವುದು ಯಾಕೆ? ನಾನು ಕಂಡಂತೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ, ಆದರೆ ಅಳೆದು ತಿದ್ದಿ.

ಒಂದು ಕಾರಣ ನಮ್ಮ ಹಡಿಲು ಗದ್ದೆ. ಬೇಸಾಯಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ಭತ್ತದ ದುಡ್ಡಿನಲ್ಲಿ ಕೂಲಿ ಹುಟ್ಟುವುದಿಲ್ಲ, ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ. ಕಾಡಿನ ಅಂಚಿನ ಬೈಲುಗಳು ವರ್ಷಗಟ್ಟಲೆ ಪಾಳು ಬಿದ್ದಿವೆ. ಅಲ್ಲಿ ಹುಲ್ಲು ಸೊಂಟದವರೆಗೆ ಬೆಳೆಯುತ್ತದೆ. ಬದಿಯಲ್ಲೇ ತೋಡು. ನೆರಳಿಗೆ ಪೊದೆ. ಕಾಟಿ ಮೇಯಲೂಬಹುದು, ಸೊಪ್ಪೂ ತಿನ್ನಬಹುದು. ಅದಕ್ಕೆ ದಿನಾ ನೀರು ಬೇಕು. ಇಷ್ಟೆಲ್ಲ ಸೌಕರ್ಯ ಮಾಡಿಕೊಟ್ಟು ಬರಬೇಡ ಎಂದರೆ ಅದು ಕೇಳುತ್ತದಾ? ಹಿಂದೆ ಬೈಲಿನಲ್ಲಿ ಮೂರು ಬೆಳೆ, ರಾತ್ರಿ ಕಾವಲಿಗೆ ಜನ, ಬೊಗಳುವ ನಾಯಿ, ಗುಡ್ಡೆ ತುಂಬ ದನ ಇದ್ದವು. ಕಾಟಿ ಆಗಲೂ ಇತ್ತು, ಇಳಿಯಲು ಅಂಜುತ್ತಿತ್ತು. ಈಗ ಅಂಜುವುದಕ್ಕೆ ಅಲ್ಲಿ ಯಾರೂ ಇಲ್ಲ.

ಇನ್ನೊಂದು ಕಾರಣ ಕಾಡಿನ ಒಳಗಿನದ್ದು. ಗುಡ್ಡೆಗಳ ತುಂಬ ಅಕೇಶಿಯಾ ನೆಟ್ಟಿದ್ದಾರೆ. ಅದರ ಎಲೆ ಬಿದ್ದು ದಪ್ಪ ಹಾಸಾಗುವ ಕಡೆ ಹುಲ್ಲು ಸರಿಯಾಗಿ ಏಳುವುದಿಲ್ಲ. ತೆರೆದ ಜಾಗವನ್ನು ಲಂಟಾನ, ಯುಪಟೋರಿಯಂ ಕಳೆಗಳು ನುಂಗಿವೆ. ಮಾರ್ಚ್‌ ದಾಟಿದರೆ ಮೇಲಿನ ಹಳ್ಳಗಳು ಒಣಗುತ್ತವೆ. ಆ ಹೊತ್ತಿಗೆ ಸರಿಯಾಗಿ ನಮ್ಮ ತೋಟಗಳಲ್ಲಿ ಜೆಟ್ ತಿರುಗುತ್ತಿರುತ್ತದೆ, ಹಲಸು ಹಣ್ಣಾಗುತ್ತದೆ. ಘಟ್ಟದ ಮೇಲಿನ ಹುಲ್ಲುಗಾವಲು ಉಳಿಸಿಕೊಂಡದ್ದಕ್ಕೆ ನಾವು ವನ್ಯಜೀವಿ ಹೋರಾಟಗಾರ ಕೆ.ಎಂ. ಚಿಣ್ಣಪ್ಪನವರಂಥವರಿಗೆ ಋಣಿಗಳಾಗಿರಬೇಕು. ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದ 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಇಲ್ಲದಿದ್ದರೆ ಮೇಲೆ ಮೇಯಲು ಈಗಿನಷ್ಟೂ ಇರುತ್ತಿರಲಿಲ್ಲ.

ಕೆಲವು ಊರುಗಳಲ್ಲಿ ಸಂಖ್ಯೆ ನಿಜಕ್ಕೂ ಏರಿರಬಹುದು, ಇಲ್ಲ ಎನ್ನುವುದಿಲ್ಲ. ಬೇಟೆ ಕಡಿಮೆಯಾಗಿದೆ. ದೊಡ್ಡ ಕಾಟಿಯನ್ನು ಬೀಳಿಸುವ ತಾಕತ್ತು ಇರುವುದು ಹುಲಿಗೆ. ನಮ್ಮ ಪುತ್ತೂರಿನವರೇ ಆದ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿದ ಅಧ್ಯಯನದಲ್ಲಿ ಹುಲಿಯ ಆಹಾರದಲ್ಲಿ ಕಾಟಿಗೆ ದೊಡ್ಡ ಪಾಲು ಇತ್ತು. ಕರಾವಳಿಯ ಅಂಚಿನ ಕಾಡಿನಲ್ಲಿ ಹುಲಿ ಅಪರೂಪ. ಹಾಗಾಗಿ ಒಂದು ಊರಿನಲ್ಲಿ ಹೆಚ್ಚಿರಬಹುದು, ಪಕ್ಕದ ಕಣಿವೆಯಲ್ಲಿ ಕಡಿಮೆಯಾಗಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಎಣಿಸದೆ ಯಾವುದಕ್ಕೆ ಯಾವ ಮದ್ದು ಎಂದು ಹೇಗೆ ಗೊತ್ತಾಗಬೇಕು?

ಎಣಿಸುವುದು ದೊಡ್ಡ ರಹಸ್ಯವೇನೂ ಅಲ್ಲ. ಕಾಡಿನಲ್ಲಿ ಗೆರೆ ಹಾಕಿದಂಥ ನೇರ ದಾರಿಗಳನ್ನು ಗುರುತಿಸಿ, ಬೆಳಿಗ್ಗೆ ಬೇಗ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿ ಎಷ್ಟು, ದಾರಿಯಿಂದ ಎಷ್ಟು ದೂರ ಎಂದು ಬರೆದುಕೊಳ್ಳುವುದು. ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಯುವುದು. ಹತ್ತಿರದ್ದು ಎಷ್ಟು ಕಂಡಿತು, ದೂರದ್ದು ಎಷ್ಟು ತಪ್ಪಿಹೋಯಿತು ಎಂದು ಲೆಕ್ಕ ಕಟ್ಟಿದರೆ ಒಂದು ನಂಬುವಂಥ ಅಂದಾಜು ಸಿಗುತ್ತದೆ. ನಾಗರಹೊಳೆಯಲ್ಲಿ ಇದನ್ನು ದಶಕಗಳ ಹಿಂದೆಯೇ ಮಾಡಿದ್ದಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯ ಇವಿಷ್ಟರಲ್ಲಿ ಮಾಡಿದರೆ ಸಾಲದು. ಅವುಗಳ ಹೊರಗಿನ ಮೀಸಲು ಅರಣ್ಯ, ಗೇರು ತೋಪು, ರಬ್ಬರು ತೋಟ, ಹಡಿಲು ಬೈಲು ಎಲ್ಲವೂ ಸೇರಬೇಕು. ಕಾಟಿಗೆ ಅಭಯಾರಣ್ಯದ ಬೋರ್ಡು ಓದಲು ಬರುವುದಿಲ್ಲ. ಮಳೆಗಾಲದಲ್ಲಿ ಇದು ಆಗದ ಕೆಲಸ. ಜನವರಿಯಿಂದ ಮಾರ್ಚ್ ಒಳಗೆ ಮುಗಿಸಬೇಕು. ಫಲಿತಾಂಶವನ್ನು ಕಡತದಲ್ಲಿ ಮುಚ್ಚಿಡದೆ ಪ್ರತಿ ಪಂಚಾಯಿತಿಗೆ ಕನ್ನಡದಲ್ಲಿ ಕಳುಹಿಸಬೇಕು.

ಈಗ ಪಶುಸಂಗೋಪನಾ ಇಲಾಖೆಯವರಿಗೆ ಒಂದು ಮಾತು. ನಿಮ್ಮನ್ನು ಈ ಪತ್ರದಲ್ಲಿ ಯಾಕೆ ಎಳೆದು ತಂದೆ ಎಂದು ಅನಿಸಬಹುದು. ಕಾಟಿ ಎಮ್ಮೆ-ಕೋಣಗಳ ಕಡೆಯದಲ್ಲ, ನಮ್ಮ ಹಟ್ಟಿಯ ದನಗಳ ಹತ್ತಿರದ ನೆಂಟ. ಅರುಣಾಚಲ, ನಾಗಾಲ್ಯಾಂಡಿನಲ್ಲಿ ಸಾಕುವ ಮಿಥುನ್ ಕಾಟಿಯ ಬಳಗದ್ದೇ. ನೆಂಟಸ್ತಿಕೆ ಇರುವುದರಿಂದ ರೋಗವೂ ಸುಲಭವಾಗಿ ದಾಟುತ್ತದೆ. ಹಿಂದೆ ದೊಡ್ಡರೋಗ ಎಂದು ದನಗಳಿಗೆ ಬರುತ್ತಿತ್ತು, ರಿಂಡರ್‌ಪೆಸ್ಟ್. ಹಿರಿಯರಿಗೆ ಗೊತ್ತು, ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತಿತ್ತು. 1968ರಲ್ಲಿ ಅದು ಬಂಡೀಪುರ, ಮುದುಮಲೆ ಕಾಡಿನ ಕಾಟಿಗಳಿಗೆ ತಗುಲಿತು. ಕಾಟಿಗಳು ಸಾಲುಸಾಲಾಗಿ ಸತ್ತವು. ಹಿಂಡುಗಳು ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಹೆಣ್ಣು ಕಾಟಿ ಒಂಬತ್ತು ತಿಂಗಳು ಹೊತ್ತು ಒಂದು ಕರು ಹಾಕುತ್ತದೆ, ಹಂದಿಯ ಹಾಗೆ ಒಂದೇ ಸಲಕ್ಕೆ ಹತ್ತಲ್ಲ.

ಆ ರೋಗವನ್ನು ಓಡಿಸಿದ್ದು ಕಾಡಿನವರಲ್ಲ, ನಿಮ್ಮ ಇಲಾಖೆಯವರು. ಊರೂರು ಸುತ್ತಿ ದನಗಳಿಗೆ ಲಸಿಕೆ ಹಾಕಿದಿರಿ. 1995ರ ನಂತರ ದೇಶದಲ್ಲಿ ಅದು ಕಾಣಲಿಲ್ಲ, 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತ ಎಂದು ಘೋಷಣೆಯಾಯಿತು. ಕಾಟಿಯನ್ನು ಉಳಿಸಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಕಾಟಿಗೆ ಒಂದು ಸೂಜಿಯನ್ನೂ ಚುಚ್ಚದೆ ಆದ ಕೆಲಸ ಅದು.

ಈಗ ಕಾಲುಬಾಯಿ ರೋಗ ಉಂಟು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಹಟ್ಟಿಗಳನ್ನು ಹೇಗೆ ಕಾಡಿತು ಎಂದು ನಿಮಗೇ ಗೊತ್ತು. ಥಾಯ್ಲೆಂಡಿನಲ್ಲಿ ಆ ರೋಗ ಕಾಡಿನ ಕಾಟಿಗೂ ದಾಟಿದೆ. ನೀವು ಲಸಿಕೆ ಹಾಕುತ್ತೀರಿ, ಒಪ್ಪಿದೆ. ಆದರೆ ಲಸಿಕೆ ಮನೆಯ ಹಟ್ಟಿಯಲ್ಲಿ ಕಟ್ಟಿದ ಹಸುವಿಗೆ ಸಿಗುತ್ತದೆ. ಕಾಡಿನ ಅಂಚಿನಲ್ಲಿ ಅಲೆಯುವ ಬಿಡಾಡಿ ದನಕ್ಕೆ, ಉಳಲು ಟಿಲ್ಲರ್ ಬಂದ ಮೇಲೆ ಯಾರಿಗೂ ಬೇಡವಾಗಿ ರಾತ್ರೋರಾತ್ರಿ ರಸ್ತೆ ಬದಿಗೆ ಬಿಟ್ಟು ಹೋದ ಗಂಡು ಕರುವಿಗೆ ಸಿಗುವುದಿಲ್ಲ. ಕಾಟಿಯ ಜೊತೆ ಒಂದೇ ಬೈಲಿನಲ್ಲಿ ಮೇಯುವುದು ಇವೇ. ಹೀಗೆ ಕರು ಬಿಡುವವರಲ್ಲಿ ನಮ್ಮವರೇ ಇದ್ದಾರೆ, ಅದರ ಬಗ್ಗೆ ಗ್ರಾಮಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕಾಡಂಚಿನ ಗ್ರಾಮಗಳ ಪಟ್ಟಿ ಮಾಡಿ, ಲಸಿಕೆಯ ಸುತ್ತು ಅಲ್ಲಿಂದಲೇ ಶುರು ಮಾಡಿ. ಬಿಡಾಡಿ ದನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸತ್ತ ಕಾಟಿ ಸಿಕ್ಕರೆ ಬರೀ ಹೂಳುವುದಲ್ಲ, ನಿಮ್ಮ ವೈದ್ಯರು ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಿ, ವರದಿಯನ್ನು ಅರಣ್ಯ ಇಲಾಖೆಯ ಜೊತೆ ಹಂಚಿಕೊಳ್ಳಿ.

ಜಿಲ್ಲಾಧಿಕಾರಿಗಳೇ, ನಿಮ್ಮ ಕೈಯಲ್ಲಿ ಇರುವ ಕೆಲಸವೂ ಕೆಲವು ಉಂಟು. ಕಟ್ಟೆ ಇಲ್ಲದ ಬಾವಿಗೆ ಕಾಟಿ ಬಿದ್ದ ಸುದ್ದಿ ನಮಗೆ ಹೊಸದಲ್ಲ. ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳೂ ಹಾಗೆಯೇ. ಮಕ್ಕಳೂ ಬೀಳುತ್ತಾರೆ ಎಂಬ ಕಾರಣಕ್ಕಾದರೂ ಪಂಚಾಯಿತಿಗಳಿಂದ ಇವುಗಳ ಪಟ್ಟಿ ತರಿಸಿ ಬೇಲಿ ಹಾಕಿಸಬಹುದು. ಹೆಬ್ರಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿ, ಕಾರ್ಕಳದಿಂದ ಮಾಳ ಘಾಟಿ ಹತ್ತುವ ಹೆದ್ದಾರಿ ಎರಡೂ ಕಾಟಿಯ ಕಾಡಿನ ಒಳಗೇ ಹೋಗುತ್ತವೆ. ಕಪ್ಪು ರಸ್ತೆಯ ಮೇಲೆ ಕಪ್ಪು ಪ್ರಾಣಿ, ರಾತ್ರಿ ಬೈಕಿನವನಿಗೆ ಕಾಣುವುದೇ ಹತ್ತಿರ ಬಂದ ಮೇಲೆ. ಬೋರ್ಡು ಹಾಕಿದರೆ ಯಾರೂ ನೋಡುವುದಿಲ್ಲ, ದಾಟುವ ಜಾಗದಲ್ಲಿ ಉಬ್ಬು ಹಾಕಿಸಿ.

ಪರಿಹಾರದ ವಿಷಯ. ಬೆಳೆ ಹಾನಿಗೆ ಅರ್ಜಿ ಹಾಕಿದವರಿಗೆ ಗೊತ್ತು ಅದರ ಸುಖ. ಫೋಟೋ ಬೇಕು, ಪಹಣಿ ಬೇಕು, ಸ್ಥಳ ಪರಿಶೀಲನೆಗೆ ಬರುವವರಿಗಾಗಿ ಕಾಯಬೇಕು. ಅಷ್ಟರಲ್ಲಿ ಮುರಿದ ಬಾಳೆ ಒಣಗಿ ಗುರುತೇ ಸಿಗುವುದಿಲ್ಲ. ನನ್ನ ಒಂದು ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ವಾಪಸ್ ಬಂದು, ಕೊನೆಗೆ "ಈ ಜಾಗ ಕುಮ್ಕಿ, ಪಹಣಿಯಲ್ಲಿ ನಿಮ್ಮ ಹೆಸರಿಲ್ಲ" ಎಂದು ಮುಚ್ಚಿಹೋಯಿತು. ಕುಮ್ಕಿ ಎಂದರೆ ನಮ್ಮ ಪಟ್ಟಾ ಜಾಗಕ್ಕೆ ತಾಗಿಕೊಂಡ ಸರಕಾರಿ ಜಾಗ. ನಮ್ಮ ಜಿಲ್ಲೆಗಳಲ್ಲಿ ಕುಮ್ಕಿಯಲ್ಲಿ ಕೃಷಿ ಮಾಡದ ಮನೆ ಎಷ್ಟಿವೆ ಹೇಳಿ? ಜಾಗದ ಹಕ್ಕಿನ ವ್ಯಾಜ್ಯ ಅದರ ಪಾಡಿಗೆ ನಡೆಯಲಿ. ಸಸಿ ನೆಟ್ಟವನಿಗೆ ಸಸಿಯ ದುಡ್ಡು ಕೊಡಲು ಏನಾದರೂ ದಾರಿ ಹುಡುಕಿ. ಕಾಟಿಯನ್ನು ಸಹಿಸಿಕೊಳ್ಳುವ ರೈತನ ಜೇಬಿಗೆ ಮೂರು ತಿಂಗಳೊಳಗೆ ಹಣ ಬಂದರೆ ಉರುಳು, ಕರೆಂಟು ತಂತಿ, ಕೋವಿ ಎಲ್ಲದಕ್ಕೂ ಅದೇ ದೊಡ್ಡ ತಡೆ. ಜಾಗೃತಿ ಕಾರ್ಯಕ್ರಮದ ಭಾಷಣಗಳಿಗಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಹಡಿಲು ಗದ್ದೆಗಳಲ್ಲಿ ಮತ್ತೆ ಬೇಸಾಯ ಮಾಡಿಸುವ ಪ್ರಯತ್ನ ಉಡುಪಿ ಜಿಲ್ಲೆಯಲ್ಲಿ ಈಗಾಗಲೇ ಆಗಿದೆ. ಅದನ್ನು ಕಾಡಂಚಿನ ಬೈಲುಗಳಿಗೂ ತನ್ನಿ. ಅಲ್ಲಿ ಸೌರ ಬೇಲಿಗೆ ಸಹಾಯಧನ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಕೊಡುವ ಬದಲು ಇಡೀ ಬೈಲಿಗೆ ಒಂದಾಗಿ ಕೊಡಿ. ಒಬ್ಬನ ಬೇಲಿ ಎಂದರೆ ಕಾಟಿಯನ್ನು ಪಕ್ಕದವನ ತೋಟಕ್ಕೆ ಕಳುಹಿಸುವುದು ಅಷ್ಟೇ.

ನನ್ನ ಊರಿನವರಿಗೆ ಒಂದು ಕೋರಿಕೆ. ಕಾಟಿ ಕಂಡರೆ ವಿಡಿಯೋ ಮಾಡಿ, ಬೇಡ ಎನ್ನುವುದಿಲ್ಲ. ಹತ್ತಿರ ಹೋಗಬೇಡಿ, ಕರು ಇದ್ದರಂತೂ ಬೇಡವೇ ಬೇಡ. ಯಾವ ಊರು, ಯಾವ ದಿನ, ಎಷ್ಟಿದ್ದವು, ಕರು ಎಷ್ಟು ಎಂದು ಅದರ ಕೆಳಗೆ ಬರೆಯಿರಿ. ಮುಂದೆ ಎಣಿಸುವವರು ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಮಾನ್ಯ ಅಧಿಕಾರಿಗಳೇ, ಬರುವ ಜನವರಿಗೆ ಗಣತಿ ಎಂದು ದಿನ ಗೊತ್ತು ಮಾಡಿದರೆ ದಾರಿ ಬಲ್ಲ ಹುಡುಗರನ್ನು ನಮ್ಮ ಊರುಗಳಿಂದ ಕೊಡುತ್ತೇವೆ. ಲಸಿಕೆಯವರು ಬರುವ ದಿನವನ್ನು ವಾರ ಮೊದಲೇ ತಿಳಿಸಿದರೆ ಬಿಡಾಡಿ ದನಗಳನ್ನು ಹಿಡಿದು ಕಟ್ಟಿ ಇಡುವ ಕೆಲಸ ನಮ್ಮದು. ಹಗ್ಗ, ಬೈಹುಲ್ಲು ಎರಡೂ ನಮ್ಮಲ್ಲಿ ಉಂಟು.

ಇಂತಿ ನಿಮ್ಮ ವಿಶ್ವಾಸಿ,
ಹೆಬ್ರಿ ಕಡೆಯ ಒಬ್ಬ ಕೃಷಿಕ